ಹಡಗಿನಿಂದ ನೋಡಿದ ದ್ವೀಪ

ಕೆಮ್ಮು ಶುರುವಾದದ್ದು ಜನವರಿಯಲ್ಲಿ. ಜನವರಿಯಲ್ಲಿ ಆಸ್ಟಿನ್ ಪಕ್ಕದ ನಮ್ಮೂರು ಸೀಡರ್ ಪಾರ್ಕಿನಲ್ಲಿ ಕೆಮ್ಮದವರು ಯಾರಿದ್ದಾರೆ?

ಊರಿನ ಹೆಸರಲ್ಲೇ ಇರುವ ಆ ಮರ ಚಳಿಗಾಲದಲ್ಲಿ ಹಳದಿ ಪರಾಗದ ಪುಡಿ ಉದುರಿಸುತ್ತದೆ. ಕಾರಿನ ಮೇಲೆ, ಕಿಟಕಿಯ ಗಾಜಿನ ಮೇಲೆ, ಮೂಗಿನ ಒಳಗೆ. ಸಂಕ್ರಾಂತಿಗೆ ಮನೆಗೊಂದು ಅಡುಗೆ ತಂದು ಸೇರಿದ ಪಾಟ್‌ಲಕ್‌ನಲ್ಲಿ ಎಳ್ಳುಬೆಲ್ಲ ಕೊಡುವವರೂ ಸೀನುತ್ತಿದ್ದರು, ತೆಗೆದುಕೊಳ್ಳುವವರೂ ಸೀನುತ್ತಿದ್ದರು. ನನ್ನ ಗಂಡ ರಘು ಬಿಸಿಬೇಳೆಬಾತಿನ ತಟ್ಟೆ ಹಿಡಿದುಕೊಂಡೇ ಗೋಡೆಗೆ ಒರಗಿ ಕೆಮ್ಮಿದರು.

"ಸೀಡರಾ? ನಿಮಗೂ ಬಂತಾ? ಎರಡನೇ ಚಳಿಗಾಲಕ್ಕೆ ಎಲ್ರಿಗೂ ಈ ಅಲರ್ಜಿ ಬರುತ್ತೆ ಸಾರ್. ಈಗ ನೀವು ಪಕ್ಕಾ ಆಸ್ಟಿನ್‌ನವರಾದ್ರಿ ಬಿಡಿ," ಎಂದು ಯಾರೋ ಬೆನ್ನು ತಟ್ಟಿದರು. ನಾವೂ ನಕ್ಕೆವು.

ಹೀಗೆ ಅದಕ್ಕೊಂದು ಹೆಸರು ಸಿಕ್ಕಿತು. ಹೆಸರು ಸಿಕ್ಕಮೇಲೆ ಯಾರೂ ಹೆಚ್ಚು ವಿಚಾರಿಸಲು ಹೋಗಲಿಲ್ಲ.

ನಾವು ಟೆಕ್ಸಸ್‌ಗೆ ಬಂದು ಆಗ ಒಂದೂವರೆ ವರ್ಷವಾಗಿತ್ತು. ಅದಕ್ಕೆ ಮೊದಲು ಆರು ವರ್ಷ ತೈವಾನಿನ ಶಿಂಚು ಎಂಬ ಊರಿನಲ್ಲಿದ್ದೆವು. ರಘು ಚಿಪ್ ತಯಾರಿಸುವ ಕಾರ್ಖಾನೆಯಲ್ಲಿ ಇಂಜಿನಿಯರ್. ನಾನು ಮನೆಯಿಂದಲೇ ಸಾಫ್ಟ್‌ವೇರ್ ಟೆಸ್ಟಿಂಗ್ ಮಾಡುತ್ತೇನೆ. ಬೇರೆಯವರ ತಪ್ಪು ಹುಡುಕುವುದೇ ನನ್ನ ಹೊಟ್ಟೆಪಾಡು. ಈ ಮಾತನ್ನು ಸ್ವಲ್ಪ ನೆನಪಿಟ್ಟುಕೊಳ್ಳಿ.

ಮದುವೆಯಾದ ಹೆಣ್ಣುಮಕ್ಕಳು ತವರಿನ ವಿಷಯ ಎತ್ತಿದರೆ ನಿಲ್ಲಿಸುವುದಿಲ್ಲ ಎನ್ನುತ್ತಾರಲ್ಲ, ರಘುವಿಗೆ ತೈವಾನ್ ಹಾಗೆ. ಯಾರ ಮನೆಗೆ ಊಟಕ್ಕೆ ಹೋದರೂ ವ್ಯಾಲೆಟ್‌ನಿಂದ ಅಲ್ಲಿನ ಹೆಲ್ತ್ ಕಾರ್ಡ್ ತೆಗೆದು ತೋರಿಸುತ್ತಿದ್ದರು.

"ಇದೊಂದು ಕಾರ್ಡ್ ಸಾಕು ನೋಡಿ. ಅಲ್ಲಿ ವಾಸ ಮಾಡೋ ಎಲ್ರಿಗೂ ಒಂದೇ ಇನ್ಶೂರೆನ್ಸ್, ಸರ್ಕಾರದ್ದು. ಕೆಲಸಕ್ಕೆ ಹೋದ ನಮ್ಮಂಥೋರಿಗೂ ಅದೇ. ಇನ್ನೊಬ್ಬ ಡಾಕ್ಟರ ರೆಫರಲ್ ಚೀಟಿ ಬೇಡ, ಇದೇ ಆಸ್ಪತ್ರೆ ಅನ್ನೋ ನೆಟ್‌ವರ್ಕ್ ಬೇಡ. ಬೆಳಿಗ್ಗೆ ಯಾವ ಕ್ಲಿನಿಕ್‌ಗಾದ್ರೂ ನುಗ್ಗಿ, ಕಾರ್ಡ್ ತೂರಿಸಿ, ಬಾಗಿಲ ಮೇಲೆ ಕೆಂಪು ನಂಬರ್ ಬರುತ್ತೆ, ಒಳಗೆ ಹೋಗಿ. ಊಟದ ಹೊತ್ತಿಗೆ ಮಾತ್ರೆ ಪೊಟ್ಟಣ ಕೈಯಲ್ಲಿ!"

ಆ ದೇಶ ಬಿಟ್ಟಮೇಲೆ ಅದು ಬರೀ ಪ್ಲಾಸ್ಟಿಕ್ ತುಂಡು. ಆದರೂ ಇವರು ಅದನ್ನು ದೇವರ ಫೋಟೋ ಇಟ್ಟುಕೊಂಡ ಹಾಗೆ ಇಟ್ಟುಕೊಂಡಿದ್ದರು.

ಕಾರ್ಡ್ ಮುಗಿದ ಮೇಲೆ ಆ ದ್ವೀಪದ ಹೆಸರಿನ ಪುರಾಣ. ಪೋರ್ಚುಗೀಸ್ ನಾವಿಕರು ಸಮುದ್ರದಲ್ಲಿ ಹಾದುಹೋಗುವಾಗ ದೂರದಿಂದ ಹಸಿರು ಬೆಟ್ಟಗಳನ್ನು ನೋಡಿ 'ಫಾರ್ಮೋಸಾ', ಅಂದರೆ ಸುಂದರವಾದದ್ದು, ಎಂದರಂತೆ. ಆ ಹೆಸರು ಎಷ್ಟೋ ಕಾಲ ಹೊರಗಿನವರ ಬಾಯಲ್ಲಿ ಉಳಿಯಿತಂತೆ. ನಮ್ಮ ಬೀದಿಯಲ್ಲಿ ಮೂರು ಮನೆ ಆಚೆ, ಮಗನ ಜೊತೆ ಇರುವ ಲಿನ್ ಆಂಟಿ ಒಮ್ಮೆ ಇದನ್ನು ಕೇಳಿಸಿಕೊಂಡರು. ಅವರು ತೈವಾನಿನ ದಕ್ಷಿಣದ ತೈನಾನ್ ಊರಿನವರು, ಶಾಲೆಯಲ್ಲಿ ಟೀಚರ್ ಆಗಿದ್ದವರು. ಅವರು ಮಾತಾಡುವುದು ಇಂಗ್ಲಿಷ್. ನಾನು ನನ್ನ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಅವರು ಇಳಿಯಲೇ ಇಲ್ಲ ರಘು. ಹಡಗಿನಿಂದ ನೋಡಿದರು, ಚೆನ್ನಾಗಿದೆ ಅಂದರು, ಹೋದರು," ಎಂದು ನಕ್ಕರು. "ತೈವಾನ್ ಅನ್ನೋದು ಮೊದಲು ನಮ್ಮೂರ ಹತ್ತಿರದ ಕಡಲ ದಂಡೆಯ ಒಂದು ಸಣ್ಣ ಜಾಗದ ಹೆಸರು. ಅಲ್ಲಿನ ಮೂಲದ ಜನರ ಮಾತಿನಿಂದ ಬಂದದ್ದು ಅಂತಾರೆ. ಆಮೇಲೆ ಆ ಸಣ್ಣ ಜಾಗದ ಹೆಸರೇ ಇಡೀ ದ್ವೀಪಕ್ಕೆ ಅಂಟಿಕೊಂಡಿತು."

ಅಂದು ಇದು ಚಹಾದ ಜೊತೆಗಿನ ಹರಟೆ. ಒಂದು ಸಣ್ಣ ಜಾಗದ ಹೆಸರು ಇಡೀ ಮೈಗೆ ಅಂಟಿಕೊಳ್ಳುವುದನ್ನು ನಾನು ಇನ್ನೂ ನೋಡಿರಲಿಲ್ಲ.

ಫೆಬ್ರವರಿ ಮುಗಿಯಿತು. ಮರಗಳು ಪುಡಿ ಉದುರಿಸುವುದನ್ನು ನಿಲ್ಲಿಸಿದವು. ಕೆಮ್ಮು ನಿಲ್ಲಲಿಲ್ಲ. ಡಾಕ್ಟರಿಗೆ ಫೋನ್ ಮಾಡಿದರೆ, ಹೊಸ ಪೇಷೆಂಟ್ ಆದರೆ ಮಾರ್ಚ್ ಕೊನೆಯ ವಾರ ಎಂದರು. ಕಾದೆವು. ಡಾಕ್ಟರು ಮೂಗಿಗೆ ಸ್ಪ್ರೇ, ಅಲರ್ಜಿಗೆ ಮಾತ್ರೆ ಬರೆದುಕೊಟ್ಟು, ಕಡಿಮೆಯಾಗದಿದ್ದರೆ ಮತ್ತೆ ಬನ್ನಿ ಎಂದರು. ಅಷ್ಟರಲ್ಲಿ ರಘುವಿನ ಬೆಲ್ಟ್ ಎರಡು ತೂತು ಒಳಗೆ ಹೋಗಿತ್ತು. ವಾಕಿಂಗ್‌ನಿಂದ ತೂಕ ಇಳಿದಿದೆ ಎಂದರು ರಘು. ವಾಕಿಂಗ್ ನಿಲ್ಲಿಸಿ ಎರಡು ತಿಂಗಳಾಗಿತ್ತು.

"ಅಪ್ಪಾ, ಜಸ್ಟ್ ಗೆಟ್ ಎ ಸ್ಕ್ಯಾನ್," ಎಂದಳು ಮಗಳು ಮಿತ್ರಾ. ಅವಳಿಗೆ ಹದಿನೈದು. ನಾವು ಕನ್ನಡದಲ್ಲಿ ಜಗಳವಾಡಿದರೆ ಅವಳು ಇಂಗ್ಲಿಷಿನಲ್ಲಿ ತೀರ್ಪು ಕೊಡುತ್ತಾಳೆ.

"ಜೂನ್‌ನಲ್ಲಿ ಹೇಗೂ ಕೆಲಸದ ಮೇಲೆ ಶಿಂಚುಗೆ ಹೋಗ್ತೀನಲ್ಲ, ಅಲ್ಲೇ ತೋರಿಸ್ತೀನಿ. ಅದೇ ಹಳೇ ಆಸ್ಪತ್ರೆ. ಒಂದೇ ದಿನದಲ್ಲಿ ಎಲ್ಲಾ ಮುಗಿಯುತ್ತೆ."

"ರೀ, ಕೆಮ್ಮು ತೋರಿಸೋಕೆ ಯಾರಾದ್ರೂ ಸಮುದ್ರ ದಾಟ್ತಾರಾ? ಆ ಕಾರ್ಡೂ ಈಗ ನಡೆಯಲ್ಲ."

"ನಿನಗೆ ಗೊತ್ತಾಗಲ್ಲ, ಸುಮ್ನಿರು ಶೈಲಾ."

ಹದಿನೆಂಟು ವರ್ಷದ ಸಂಸಾರದಲ್ಲಿ ಇವರು ನನಗೆ 'ಸುಮ್ನಿರು' ಎಂದದ್ದು ಕಡಿಮೆ. ಮೂರು ದಿನ ಮಾತು ಬಿಟ್ಟೆ. ಹಾಗೆ ಹಾಳುಮಾಡಿದ ಆ ಮೂರು ದಿನವನ್ನು ಇವತ್ತಿಗೂ ಲೆಕ್ಕ ಹಾಕುತ್ತೇನೆ.

ಏಪ್ರಿಲ್‌ನ ಒಂದು ಭಾನುವಾರ ಬೆಳಿಗ್ಗೆ ಬಟ್ಟೆ ಒಗೆಯಲು ಹಾಕುತ್ತಿದ್ದೆ. ಇವರ ಪ್ಯಾಂಟಿನ ಜೇಬಿನಲ್ಲಿ ಕರ್ಚೀಫು. ನಾಲ್ಕು ಮಡಿಕೆ ಮಾಡಿ, ಒಳಗಿನದು ಕಾಣದ ಹಾಗೆ ಒತ್ತಿ ಇಟ್ಟಿದ್ದರು. ಬಿಡಿಸಿದೆ. ನಡುವೆ ಕೆಂಪು ಎಳೆ.

ರಕ್ತ ಸೀಡರ್ ಮರದಿಂದ ಬರುವುದಿಲ್ಲ.

ಬಟ್ಟೆ ಅಲ್ಲೇ ಬಿಟ್ಟು ಇವರನ್ನು ಕಾರಿನಲ್ಲಿ ಕೂರಿಸಿ, ಅಪಾಯಿಂಟ್‌ಮೆಂಟ್ ಇಲ್ಲದೆ ನೋಡುವ ಅರ್ಜೆಂಟ್ ಕೇರ್‌ಗೆ ಡ್ರೈವ್ ಮಾಡಿದೆ. ಇವರು ಒಂದು ಮಾತೂ ಎದುರಾಡಲಿಲ್ಲ. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿತು. ಎಕ್ಸ್‌ರೇ ತೆಗೆದರು. ಚಿಕ್ಕ ವಯಸ್ಸಿನ ಡಾಕ್ಟರು ಪರದೆಯ ಮೇಲೆ ಬಲಗಡೆ, ಮೇಲ್ಭಾಗದಲ್ಲಿ ಬೆರಳಿಟ್ಟರು. ಶ್ಯಾಡೋ ಇದೆ, ಸಿಟಿ ಸ್ಕ್ಯಾನ್ ಆಗಬೇಕು ಎಂದರು. ಹಳೆಯ ಸ್ಕ್ಯಾನ್ ಏನಾದರೂ ಇದೆಯೇ, ಹೋಲಿಸಿ ನೋಡಿದರೆ ಒಳ್ಳೆಯದು ಎಂದೂ ಕೇಳಿದರು.

"ಇದೆ," ಎಂದೆ. ಹೆಮ್ಮೆಯಿಂದಲೇ ಎಂದೆ. ನಮ್ಮ ಮನೆಯಲ್ಲಿ ಕಾಗದಪತ್ರ ಎಂದರೆ ನಾನು.

ಶಿಂಚುವಿನಲ್ಲಿ ವರ್ಷಕ್ಕೊಮ್ಮೆ ಕಂಪನಿಯವರೇ ಎಲ್ಲರಿಗೂ ಹೆಲ್ತ್ ಚೆಕಪ್ ಮಾಡಿಸುತ್ತಿದ್ದರು. ಬೆಳಿಗ್ಗೆ ಆಸ್ಪತ್ರೆಗೆ ಹೋದರೆ ಒಂದು ನಿಲುವಂಗಿ, ಒಂದು ಜೊತೆ ಚಪ್ಪಲಿ, ಒಂದು ನಂಬರ್. ರಕ್ತ, ಕಣ್ಣು, ಕಿವಿ, ಎದೆಯ ಸ್ಕ್ಯಾನ್ ಎಂದು ಕೋಣೆಯಿಂದ ಕೋಣೆಗೆ ಕಳಿಸುತ್ತಾರೆ. "ನಮ್ಮ ಫ್ಯಾಕ್ಟರಿಯಲ್ಲಿ ಚಿಪ್ ಹೋದ ಹಾಗೆ ನಾವೂ ಲೈನ್‌ನಲ್ಲಿ ಹೋಗ್ತೀವಿ," ಎಂದು ರಘು ನಗುತ್ತಿದ್ದರು. ಕೆಲವು ವಾರ ಬಿಟ್ಟು ರಿಪೋರ್ಟ್ ಅಂಚೆಯಲ್ಲಿ ಬರುತ್ತಿತ್ತು.

ಅದನ್ನು ನಾವು ಓದುತ್ತಿದ್ದ ರೀತಿ ಹೇಳುತ್ತೇನೆ. ನಾವಿಬ್ಬರೂ ಸಂಖ್ಯೆಯ ಜನ. ಸಕ್ಕರೆ, ಕೊಲೆಸ್ಟ್ರಾಲ್, ಕ್ರಿಯಾಟಿನಿನ್, ಪಕ್ಕದಲ್ಲಿ ಇರಬೇಕಾದ ರೇಂಜ್. ನಾನು ಪೆನ್ಸಿಲ್ ಹಿಡಿದು ಒಂದೊಂದಕ್ಕೂ ಟಿಕ್ ಹಾಕುತ್ತಿದ್ದೆ. ರೇಂಜ್ ಒಳಗಿದ್ದರೆ ಪಾಸು. ಕೊನೆಯ ಪುಟದಲ್ಲಿ ಸಂಖ್ಯೆಗಳಿರುತ್ತಿರಲಿಲ್ಲ, ಬರೀ ಚೀನೀ ಅಕ್ಷರ. ನೀರು ಕುಡಿಯಿರಿ, ವ್ಯಾಯಾಮ ಮಾಡಿ ಎಂಬ ಉಪದೇಶ ಇರಬೇಕು ಎಂದುಕೊಂಡಿದ್ದೆ. ಆರು ವರ್ಷ ಹಾಗೇ ಅಂದುಕೊಂಡೆ. ಫೋನ್ ಕ್ಯಾಮೆರಾ ಹಿಡಿದರೆ ಇಂಗ್ಲಿಷ್ ಆಗಿ ತೋರಿಸುತ್ತದೆ ಎಂದು ಗೊತ್ತಿತ್ತು. ನೂಡಲ್ಸ್ ಪ್ಯಾಕೆಟ್‌ಗೆ ಹಿಡಿಯುತ್ತಿದ್ದೆ, ಮೊಟ್ಟೆ ಇದೆಯಾ ಎಂದು ನೋಡಲು. ಗಂಡನ ರಿಪೋರ್ಟಿಗೆ ಹಿಡಿಯಲಿಲ್ಲ.

ಕೊನೆಯ ವರ್ಷದ ರಿಪೋರ್ಟ್ ಬಂದಾಗ ಮನೆ ತುಂಬ ರಟ್ಟಿನ ಪೆಟ್ಟಿಗೆಗಳು. ಟೆಕ್ಸಸ್‌ಗೆ ಶಿಫ್ಟ್ ಆಗುವ ಗಡಿಬಿಡಿ. ಟಿಕ್ ಹಾಕಿ, ನೀಲಿ ಫೈಲಿಗೆ ಸೇರಿಸಿ, ಪೆಟ್ಟಿಗೆಗೆ ಟೇಪ್ ಹಚ್ಚಿದೆ.

ಎಕ್ಸ್‌ರೇ ಮುಗಿಸಿ ಮನೆಗೆ ಬಂದವಳೇ ಆ ಫೈಲ್ ಎತ್ತಿಕೊಂಡು ಲಿನ್ ಆಂಟಿಯ ಮನೆಗೆ ಹೋದೆ. ರಘುವನ್ನು ಮಲಗಲು ಹೇಳಿ ಒಬ್ಬಳೇ ಹೋದೆ. ಅವರು ಕನ್ನಡಕ ಹಾಕಿಕೊಂಡು ಕೊನೆಯ ಪುಟ ಓದಿದರು. ಮತ್ತೆ ಮೊದಲಿನಿಂದ ಓದಿದರು. ಚಹಾದ ಲೋಟ ಪಕ್ಕಕ್ಕೆ ಸರಿಸಿದರು.

"ಶೈಲಾ, ಇದು ಬಂದ ಮೇಲೆ ನೀವು ಆಸ್ಪತ್ರೆಗೆ ಹೋಗಿದ್ದಿರಿ, ಅಲ್ಲವಾ?"

ಇಲ್ಲವೆಂದು ತಲೆಯಾಡಿಸಿದೆ. ಅವರು ಸಾಲಿನ ಕೆಳಗೆ ಬೆರಳಿಟ್ಟು ನಿಧಾನವಾಗಿ ಹೇಳಿದರು.

ಬಲ ಶ್ವಾಸಕೋಶದ ಮೇಲ್ಭಾಗದಲ್ಲಿ ಏಳು ಮಿಲಿಮೀಟರ್ ಗಂಟು. ಮೂರು ತಿಂಗಳ ಒಳಗೆ ಮತ್ತೆ ಬಂದು ತೋರಿಸಿ.

ಅವರ ಅಡುಗೆಮನೆಯ ಗಡಿಯಾರ, ಅದರ ಕೆಳಗೆ ತೂಗುಹಾಕಿದ್ದ ಬೆಳ್ಳುಳ್ಳಿಯ ಗೊಂಚಲು, ನನಗೆ ಅದಷ್ಟೇ ನೆನಪಿದೆ. ಮೂರು ತಿಂಗಳಲ್ಲ, ಇಪ್ಪತ್ತೊಂದು ತಿಂಗಳಾಗಿತ್ತು. ಗಂಟು ಅಷ್ಟೂ ದಿನ ಇವರ ಎದೆಯಲ್ಲಿತ್ತು, ಅದರ ಸುದ್ದಿ ನನ್ನ ಕಪಾಟಿನಲ್ಲಿತ್ತು. ನಾನು ಪ್ರತಿ ದೀಪಾವಳಿಗೂ ಆ ಕಪಾಟಿನ ಧೂಳು ಒರೆಸಿದ್ದೇನೆ.

"ರಘುಗೆ ಹೇಳಬೇಡಿ ಆಂಟಿ. ನಾನೇ ಹೇಳ್ತೀನಿ," ಎಂದೆ.

ಹೇಳಲಿಲ್ಲ. ಸಿಟಿ ಸ್ಕ್ಯಾನಿಗೆ ಇನ್ಶೂರೆನ್ಸಿನವರ ಪ್ರಯರ್ ಆಥರೈಸೇಶನ್, ಅಂದರೆ ಮುಂಗಡ ಒಪ್ಪಿಗೆ ಬೇಕಿತ್ತು. ದಿನಾ ಬೆಳಿಗ್ಗೆ ಪೋರ್ಟಲ್ ತೆಗೆದರೆ 'ಪೆಂಡಿಂಗ್'. ಒಂದು ವಾರವಾದ ಮೇಲೆ ಡಿನೈಡ್. ಡಾಕ್ಟರೇ ಅವರ ಜೊತೆ ಫೋನಿನಲ್ಲಿ ಮಾತಾಡಿದ ಮೇಲೆ ಅಪ್ರೂವ್ಡ್. ಅಷ್ಟು ದಿನ ನಾನು ಆ ಇನ್ಶೂರೆನ್ಸಿನವರನ್ನು ಬಾಯಿಗೆ ಬಂದಂತೆ ಬೈದೆ. ಫೋನಿನಲ್ಲಿ, ಕಾರಿನಲ್ಲಿ, ಸ್ನಾನದ ಮನೆಯಲ್ಲಿ. ಬೈಯುವಾಗೆಲ್ಲ ಒಳಗಿನಿಂದ ಒಂದು ದನಿ ಕೇಳುತ್ತಿತ್ತು. ಇನ್ಶೂರೆನ್ಸಿನವರು ತಡ ಮಾಡಿದ್ದು ಎರಡು ವಾರ, ನೀನು?

ಸ್ಕ್ಯಾನ್‌ನಲ್ಲಿ ಗಂಟು ಎರಡೂವರೆ ಸೆಂಟಿಮೀಟರ್ ಆಗಿತ್ತು. ಪಕ್ಕದ ಒಂದು ಲಿಂಫ್ ನೋಡ್ ಕೂಡ ಊದಿತ್ತು. ಹ್ಯೂಸ್ಟನ್ನಿನ ದೊಡ್ಡ ಆಸ್ಪತ್ರೆಗೆ ಕಳಿಸಿದರು. ಅಲ್ಲಿನವರು ಹಳೆಯ ರಿಪೋರ್ಟುಗಳನ್ನೆಲ್ಲ ಮುಂಚಿತವಾಗಿ ಕೇಳಿದರು. ಲಿನ್ ಆಂಟಿ ಬರೆದುಕೊಟ್ಟ ಅನುವಾದದ ಜೊತೆ ಆ ಪುಟವನ್ನೂ ಕಳಿಸಿದೆ. ಬಚ್ಚಿಡುವಷ್ಟು ಕೆಟ್ಟವಳಲ್ಲ ನಾನು. ಆದರೆ ಹೊರಡುವ ಹಿಂದಿನ ರಾತ್ರಿ ಹೊಳೆಯಿತು, ನಾಳೆ ಹನ್ನೊಂದು ಗಂಟೆಗೆ ಡಾಕ್ಟರು ಅದನ್ನು ರಘುವಿನ ಎದುರಿಗೇ ತೆಗೆಯುತ್ತಾರೆ. ಅದಕ್ಕೆ ಮೊದಲು ನನ್ನ ಬಾಯಿಂದ ಬರಲೇಬೇಕು.

ಬೆಳಗಿನ ಜಾವ ಹೊರಟೆವು. ನಾನು ಡ್ರೈವ್ ಮಾಡುತ್ತಿದ್ದೆ. ರಸ್ತೆ ಬದಿಯ ನೀಲಿ ಹೂಗಳ ಕಾಲ ಮುಗಿದು ಹುಲ್ಲು ಒಣಗತೊಡಗಿತ್ತು. ಇವರು ಸೀಟು ಹಿಂದಕ್ಕೆ ಮಾಡಿಕೊಂಡು ಕಣ್ಣು ಮುಚ್ಚಿದ್ದರು. ಅರ್ಧ ದಾರಿಯಾಯಿತು. ಇನ್ನು ಹೇಳದಿದ್ದರೆ ಆಗುವುದಿಲ್ಲ ಎಂದು ರಸ್ತೆ ನೋಡಿಕೊಂಡೇ ಹೇಳಿದೆ. ಫೈಲು, ಟಿಕ್ ಮಾರ್ಕು, ಕೊನೆಯ ಪುಟ, ಏಳು ಮಿಲಿಮೀಟರ್, ಎಲ್ಲಾ. "ನಾನೇ ನಿಮ್ಮನ್ನ ಈ ಸ್ಥಿತಿಗೆ ತಂದೆ ರೀ," ಎಂದೆ.

ಇವರು ಸೀಟನ್ನು ನೇರ ಮಾಡಿಕೊಂಡು ಕೂತರು.

"ನನಗೆ ಗೊತ್ತಿತ್ತು ಶೈಲಾ."

"ಏನು ಗೊತ್ತಿತ್ತು?"

"ಆಸ್ಪತ್ರೆಯಿಂದ ಫೋನ್ ಬಂದಿತ್ತು. ನಾವು ಹೊರಡೋ ಮುಂಚೆ, ಎರಡು ಸಲ. ಒಬ್ಬ ನರ್ಸ್, ಪಾಪ, ತುಂಡು ತುಂಡು ಇಂಗ್ಲಿಷ್‌ನಲ್ಲಿ ಹೇಳಿದ್ಲು, ಚೆಸ್ಟ್, ಕಮ್ ಬ್ಯಾಕ್, ಡಾಕ್ಟರ್ ಸೀ ಅಂತ. ನಾನು ಟೆಕ್ಸಸ್‌ಗೆ ಹೋಗ್ತಿದೀನಿ, ಅಲ್ಲಿ ತೋರಿಸ್ತೀನಿ ಅಂದೆ. ಅವಳು ಮಸ್ಟ್, ಮಸ್ಟ್ ಅಂದ್ಲು. ಆಯ್ತು ಅಂದೆ. ಆಮೇಲೆ ಪ್ಯಾಕಿಂಗ್, ಮನೆ ಹುಡುಕೋದು, ಹೊಸ ಪ್ಲಾಂಟು. ಮರೆತೇ ಹೋಯ್ತು. ರಕ್ತ ಬಂದಾಗ ನೆನಪಾಯ್ತು ನೋಡು."

"ಕರ್ಚೀಫಲ್ಲಿ ನಾನು ನೋಡಿದ ದಿನವಾ?"

"ಅಲ್ಲ. ಮಾರ್ಚಿನಲ್ಲಿ."

ಆಗ ಎಲ್ಲ ಅರ್ಥವಾಯಿತು. ಜೂನ್, ಜೂನ್ ಎಂದು ಹಠ ಹಿಡಿದದ್ದು ಅದಕ್ಕೆ. ಆ ಫೋನಿನ ವಿಷಯ ಯಾರಿಗೂ ತಿಳಿಯದ ಹಾಗೆ ಅದೇ ಆಸ್ಪತ್ರೆಗೆ ಹೋಗಿ, ಅದೇ ಕೆಂಪು ನಂಬರಿನ ಕೆಳಗೆ ಕೂತು, ತಡವಾಗಿ ಬಂದೆ ಎಂದು ಹೇಳಿ ಸರಿಮಾಡಿಕೊಂಡು ಬರಬಹುದು ಎಂದುಕೊಂಡಿದ್ದರು. ಎಲ್ಲರಿಗೂ ಕಾರ್ಡ್ ತೋರಿಸುತ್ತಿದ್ದ ಆ ಜಂಭದಲ್ಲಿ ಮಾರ್ಚಿನಿಂದೀಚೆಗೆ ಇದ್ದದ್ದು ಬರೀ ಹೆದರಿಕೆ.

ಗ್ಯಾಸ್ ಸ್ಟೇಷನ್ ಒಂದರಲ್ಲಿ ಕಾರು ನಿಲ್ಲಿಸಿ ಇವರಿಗೆ ಚೆನ್ನಾಗಿ ಬೈದೆ. "ಒಂದು ಮಾತು ಹೇಳೋಕೆ ಏನಾಗಿತ್ತು ನಿಮಗೆ? ನಾನೇನು ಪಕ್ಕದ ಮನೆಯವಳಾ?" ಎಂದೆ. ಪಕ್ಕದ ಟ್ರಕ್ಕಿನವನು ಕಿಟಕಿ ಏರಿಸಿಕೊಂಡ. ಬೈದು ಸಾಕಾಗಿ ಅತ್ತೆ. ಇವರೂ ಅತ್ತರು. ಅಳುವಾಗ ಕೆಮ್ಮು ಬಂತು. ನೀರಿನ ಬಾಟಲಿ ತೆಗೆದು ಕೊಟ್ಟೆ. ಇಷ್ಟು ದಿನ ಒಂದೇ ಮಂಚದಲ್ಲಿ ಮಲಗಿ, ಒಂದೇ ಸುದ್ದಿಯನ್ನು ಇಬ್ಬರೂ ಬೇರೆ ಬೇರೆಯಾಗಿ ಬಚ್ಚಿಟ್ಟುಕೊಂಡಿದ್ದೆವು.

ಹನ್ನೊಂದು ಗಂಟೆಗೆ ಡಾಕ್ಟರು ಆ ಪುಟ ತೆಗೆದರು. ನಾನೇ ಕೇಳಿದೆ, ಅವತ್ತೇ ಬಂದಿದ್ದರೆ? ಅವರು ಪುಟವನ್ನು ಮಗುಚಿಟ್ಟರು. "ಇಷ್ಟು ಸಣ್ಣವು ಎಷ್ಟೋ ಸಲ ಏನೂ ಆಗಿರುವುದಿಲ್ಲ. ಕೆಲವು ಸಲ ಆಗಿರುತ್ತವೆ. ನಿಮ್ಮ ಪ್ರಶ್ನೆಗೆ ನನ್ನ ಹತ್ತಿರ ಉತ್ತರವಿಲ್ಲ. ಇವತ್ತಿನಿಂದ ಏನು ಮಾಡಬೇಕು ಎನ್ನುವುದಕ್ಕೆ ಇದೆ," ಎಂದರು.

ಬಯಾಪ್ಸಿಯಲ್ಲಿ ಕ್ಯಾನ್ಸರ್ ಎಂದೇ ಬಂತು. ಎರಡನೇ ಸ್ಟೇಜ್. ಸಿಗರೇಟು ಮುಟ್ಟದ ಮನುಷ್ಯ.

ಸರ್ಜರಿಯ ದಿನಗಳಲ್ಲಿ ಹ್ಯೂಸ್ಟನ್ ಪಕ್ಕದ ಸ್ಟಾಫರ್ಡ್‌ನಲ್ಲಿ ರಘುವಿನ ಗೆಳೆಯನ ಮನೆಯಲ್ಲಿದ್ದೆವು. ಗೆಳೆಯನ ಹೆಂಡತಿ ಗಂಗಾ ಧಾರವಾಡದವಳು. "ನೀವು ಏನೂ ಚಿಂತಿ ಮಾಡಬ್ಯಾಡ್ರಿ ಅಕ್ಕಾರ. ಇಲ್ಲಿ ನಾ ಅದೀನಲ್ಲ, ಮೊದಲ ಒಂದ್ ತುತ್ತು ತಿನ್ರಿ," ಎನ್ನುತ್ತಾ ದಿನಾ ಆಸ್ಪತ್ರೆಗೆ ಜೋಳದ ರೊಟ್ಟಿ ಕಟ್ಟಿಕೊಡುತ್ತಿದ್ದಳು. ಶ್ವಾಸಕೋಶದ ಮೇಲಿನ ಒಂದು ಭಾಗ ತೆಗೆದರು. ಆಮೇಲೆ ನಾಲ್ಕು ಸಲ ಕೀಮೋ. ಕೀಮೋ ದಿನಗಳಲ್ಲಿ ಇವರಿಗೆ ಒಗ್ಗರಣೆಯ ವಾಸನೆ ಆಗುತ್ತಿರಲಿಲ್ಲ. ಮನೆಯಲ್ಲಿ ಸಾಸಿವೆ ಸಿಡಿಯುವುದೇ ನಿಂತುಹೋಯಿತು. ಮಿತ್ರಾ ಸ್ಕೂಲಿನಿಂದ ಬಂದವಳೇ ಬಾಗಿಲಲ್ಲಿ ನಿಂತು ಅಪ್ಪನ ಉಸಿರಿನ ಸದ್ದು ಕೇಳಿಸಿಕೊಂಡು, ಆಮೇಲೆ ಬ್ಯಾಗ್ ಇಳಿಸುತ್ತಿದ್ದಳು. ಪರಿಚಯದವರು ಕ್ಯಾನ್ಸರ್ ಮನೆ ಎಂದೇ ನಮ್ಮನ್ನು ಗುರುತಿಸತೊಡಗಿದರು. ಲಿನ್ ಆಂಟಿ ಹೇಳಿದ, ಇಡೀ ದ್ವೀಪಕ್ಕೆ ಹೆಸರು ಕೊಟ್ಟ ಆ ಕಡಲ ದಂಡೆ ನನಗೆ ಆಗಾಗ ನೆನಪಾಗುತ್ತಿತ್ತು.

ಈಗ ಮತ್ತೆ ಜನವರಿ. ಕ್ಯಾನ್ಸರ್ ಮರಳದಿರಲೆಂದು ರಘು ದಿನಕ್ಕೊಂದು ಮಾತ್ರೆ ನುಂಗುತ್ತಾರೆ. ಆಫೀಸಿಗೆ ಹೋಗುತ್ತಾರೆ. ಬೆಲ್ಟ್ ಒಂದು ತೂತು ಹೊರಗೆ ಬಂದಿದೆ.

ರಿಪೋರ್ಟ್ ಓದಲು ನಮ್ಮ ಮನೆಯಲ್ಲೊಂದು ನಿಯಮವಿದೆ. ಮೂವರೂ ಊಟದ ಮೇಜಿಗೆ ಕೂರಬೇಕು. ಕೊನೆಯ ಸಾಲಿನಿಂದ ಶುರುಮಾಡಿ ಮೇಲಕ್ಕೆ ಜೋರಾಗಿ ಓದಬೇಕು. ಕಳೆದ ವಾರದ ಸ್ಕ್ಯಾನಿನ ರಿಪೋರ್ಟ್ ಮಿತ್ರಾ ಓದಿದಳು. ಆಪರೇಷನ್ ಆದ ಬಲಗಡೆ ಏನೂ ಇಲ್ಲ. ಎಡಗಡೆ ಕೆಳಗೆ ಮೂರು ಮಿಲಿಮೀಟರಿನ ಚುಕ್ಕೆ, ಏನೆಂದು ಹೇಳಲಾಗದಷ್ಟು ಸಣ್ಣದು. ಮೂರು ತಿಂಗಳಲ್ಲಿ ಮತ್ತೆ ಬಂದು ತೋರಿಸಿ.

ಅದೇ ಮಾತು.

ಡಾಕ್ಟರು ಫೋನಿನಲ್ಲಿ, ಹಳೆಯ ಸೋಂಕಿನ ಕಲೆ ಇರಬಹುದು, ಕಾದು ನೋಡೋಣ ಎಂದರು. ಇರಬಹುದು. ಕೃತಜ್ಞತೆ ಇಲ್ಲವೆಂದಲ್ಲ. ಆ ಡಾಕ್ಟರು, ಗಂಗಾಳ ರೊಟ್ಟಿ, ಕನ್ನಡಕ ಹಾಕಿಕೊಂಡು ಎರಡು ಸಲ ಓದಿದ ಲಿನ್ ಆಂಟಿ, ಎಲ್ಲೋ ಒಂದು ದ್ವೀಪದಲ್ಲಿ ಬಾರದ ಭಾಷೆಯಲ್ಲಿ ಎರಡು ಸಲ ಫೋನ್ ಮಾಡಿದ ಆ ನರ್ಸ್, ಎಲ್ಲರಿಗೂ ಮನಸ್ಸಿನಲ್ಲೇ ಕೈ ಮುಗಿಯುತ್ತೇನೆ. ಹೆದರಿಕೆ ಮಾತ್ರ ಅದರಿಂದ ಹೋಗುವುದಿಲ್ಲ.

"ಈ ಸಲ ಹಡಗಿನಿಂದ ಇಳಿದೇ ನೋಡೋಣ, ನಡಿ," ಎಂದರು ರಘು.

ಅಲ್ಲೇ ಕೂತು ಹ್ಯೂಸ್ಟನ್ನಿನ ಆಸ್ಪತ್ರೆಗೆ ಫೋನ್ ಮಾಡಿದೆ. ಅತ್ತ ಕಡೆಯ ಹೆಂಗಸು ಏಪ್ರಿಲ್‌ನ ಒಂದು ತಾರೀಖು ಕೊಟ್ಟಳು. ಅವಳು ಎರಡು ಸಲ ಹೇಳಿದಳು, ನಾನು ಮೂರು ಸಲ ಹೇಳಿದೆ. ಚೀಟಿಯಲ್ಲಿ ಬರೆದು ರಘುವಿಗೆ ಕೊಟ್ಟೆ. ಅವರು ವ್ಯಾಲೆಟ್ ತೆಗೆದು, ತೈವಾನಿನ ಕಾರ್ಡನ್ನು ಹೊರಗೆಳೆದು ಮೇಜಿನ ಮೇಲಿಟ್ಟು, ಆ ಜಾಗದಲ್ಲಿ ಚೀಟಿ ಸೇರಿಸಿದರು.

ಆಮೇಲೆ ಕೆಮ್ಮಿದರು. ಒಂದೇ ಸಲ.

ಮಿತ್ರಾ ತಲೆ ಎತ್ತಿದಳು. ಕಿಟಕಿಯಾಚೆ ಕಾರಿನ ಮೇಲೆ ಹಳದಿ ಪುಡಿ ತೆಳ್ಳಗೆ ಕೂತಿತ್ತು.

"ಸೀಡರ್ ಕಣೇ," ಎಂದರು ರಘು.

"ಇರಬಹುದು," ಎಂದೆ. ಎದ್ದು ಹೋಗಿ ಕ್ಯಾಲೆಂಡರಿನಲ್ಲಿ ಅವತ್ತಿನ ತಾರೀಖಿನ ಮೇಲೆ 'ಕೆಮ್ಮು, ಒಂದು ಸಲ' ಎಂದು ಬರೆದೆ.